ಸುಳಿಯ ಜಮಾ-ಖರ್ಚು: ಪ್ರೊಫೆಸರ್ ರೆನಾಲ್ಡ್ಸರ ಸಂಶೋಧನೆಯ ಕಥೆ

ವಿಜ್ಞಾನ ಓದಿದ ನಮ್ಮ ನಿಮ್ಮಂಥವರಿಗೆಲ್ಲ ‘ರೆನಾಲ್ಡ್ಸ್ ಸಂಖ್ಯೆ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಕೊಳವೆಯೊಳಗೆ ನೀರು ಯಾವಾಗ ಶಾಂತವಾಗಿ ಹರಿಯುತ್ತದೆ, ಯಾವಾಗ ಸುಳಿಸುಳಿಯಾಗಿ ಕದಡಿ ಹರಿಯುತ್ತದೆ ಎಂಬುದನ್ನು ತಿಳಿಸುವ ಸಂಖ್ಯೆ ಅದು. ಪರೀಕ್ಷೆಯಲ್ಲಿ ಸೂತ್ರವನ್ನು ಬರೆದು, ಕೆಳಗೆ ‘ಸುಮಾರು ಎರಡು ಸಾವಿರ’ ಎಂದು ಸೇರಿಸಿದರೆ ಅಂಕಗಳು ಬಂದುಬಿಡುತ್ತಿದ್ದವು. ಆದರೆ ಆ ಹೆಸರಿನ ಹಿಂದೆ ಇದ್ದ ಮನುಷ್ಯ ಯಾರು, ಅವರನ್ನು ಕಾಡಿದ ಪ್ರಶ್ನೆ ಎಂಥದು ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆ ಸಂಖ್ಯೆಗೆ ಕಾರಣವಾದ ಪ್ರಯೋಗದ ವರದಿ ಪ್ರಕಟವಾದದ್ದು 1883ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1874ರಲ್ಲಿ, ಅದೇ ಪ್ರೊಫೆಸರರು ಉಗಿಯ ಬಾಯ್ಲರನ್ನು ಕುರಿತು ಕೆಲವೇ ಪುಟಗಳ ಒಂದು ಪ್ರಬಂಧವನ್ನು ಓದಿದ್ದರು. ನೀರನ್ನೋ ಗಾಳಿಯನ್ನೋ ಕೊಳವೆಯಲ್ಲಿ ತಳ್ಳುವಾಗ ನಮಗಾಗುವ ನಷ್ಟಕ್ಕೂ, ಅದೇ ಕೊಳವೆಯ ಗೋಡೆಯಿಂದ ಶಾಖ ಸಾಗುವ ಲಾಭಕ್ಕೂ ಕಾರಣ ಒಂದೇ, ಅದು ಸುಳಿ, ಎಂಬುದು ಆ ಪ್ರಬಂಧದ ತಿರುಳು. ಸಂಖ್ಯೆ ಲೋಕವಿಖ್ಯಾತವಾಯಿತು, ಬಾಯ್ಲರಿನ ಪ್ರಬಂಧವನ್ನು ಎಂಜಿನಿಯರುಗಳ ಹೊರಗೆ ಬಲ್ಲವರು ಕಡಿಮೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಈ ಮನುಷ್ಯನ ಹಿರಿಮೆ ತಿಳಿಯುತ್ತದೆ.

ಆಸ್ಬೋರ್ನ್ ರೆನಾಲ್ಡ್ಸ್ ಹುಟ್ಟಿದ್ದು 1842ರ ಆಗಸ್ಟ್ 23ರಂದು, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ತಂದೆ ಪಾದ್ರಿಗಳು, ಶಾಲೆಯ ಮುಖ್ಯೋಪಾಧ್ಯಾಯರು. ಕೇಂಬ್ರಿಜಿನಲ್ಲಿ ಗಣಿತ ಓದಿದವರು. ಬೇಸಾಯದ ಯಂತ್ರಗಳನ್ನು ಸುಧಾರಿಸುವ ಹವ್ಯಾಸವೂ ಅವರಿಗಿತ್ತು. ಮಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗದೆ ಒಬ್ಬ ಮೆಕ್ಯಾನಿಕಲ್ ಎಂಜಿನಿಯರರ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿಕೊಂಡರು. ಅಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡು ಕಲಿಯುವಾಗ, ಯಂತ್ರಗಳ ಅನೇಕ ವರ್ತನೆಗಳಿಗೆ ಕಾರಣ ಹುಡುಕಬೇಕಾದರೆ ಗಣಿತವಿಲ್ಲದೆ ಆಗದು ಎಂದು ಅವರಿಗೆ ಮನವರಿಕೆಯಾಯಿತು. ಕೇಂಬ್ರಿಜಿನ ಕ್ವೀನ್ಸ್ ಕಾಲೇಜಿಗೆ ಸೇರಿ 1867ರಲ್ಲಿ ಗಣಿತದ ಪರೀಕ್ಷೆಯಲ್ಲಿ ಏಳನೆಯ ಸ್ಥಾನ ಪಡೆದು ಹೊರಬಂದರು.

ಮರುವರ್ಷವೇ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಹುದ್ದೆ ಹೊಸದಾಗಿ ಸೃಷ್ಟಿಯಾಯಿತು. ಹತ್ತಿಗಿರಣಿಗಳ ಊರು ಮ್ಯಾಂಚೆಸ್ಟರ್. ಆ ಕಾಲೇಜು ಕೂಡ ಒಬ್ಬ ಬಟ್ಟೆ ವ್ಯಾಪಾರಿಯ ಮರಣಶಾಸನದ ಹಣದಿಂದ 1851ರಲ್ಲಿ ಆರಂಭವಾದದ್ದು. ಹೊಸ ಹುದ್ದೆಗೆ ಊರಿನ ಎಂಜಿನಿಯರುಗಳೂ ಯಂತ್ರೋದ್ಯಮಿಗಳೂ ಹಣ ಕೂಡಿಸಿದರು. ಇಪ್ಪತ್ತೈದರ ಹರೆಯದ ರೆನಾಲ್ಡ್ಸರು ಅರ್ಜಿ ಹಾಕಿದರು, ಆಯ್ಕೆಯೂ ಆದರು. 1905ರಲ್ಲಿ ನಿವೃತ್ತರಾಗುವವರೆಗೆ, ಅಂದರೆ ಮೂವತ್ತೇಳು ವರ್ಷ, ಅದೇ ಕುರ್ಚಿಯಲ್ಲಿದ್ದರು. ಮುಂದೆ ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಚಿಕ್ಕ ಹುಡುಗನಾಗಿ ಇವರ ತರಗತಿಯಲ್ಲಿ ಕುಳಿತವರು. ಗುರುಗಳ ಪಾಠ ಸುಲಭಕ್ಕೆ ಅರ್ಥವಾಗುತ್ತಿರಲಿಲ್ಲ. ಆದರೆ ಯಾವುದೇ ಸಮಸ್ಯೆಯನ್ನು ಕೈಗೆತ್ತಿಕೊಂಡರೂ ಬೇರೆಯವರು ಬರೆದದ್ದನ್ನು ಓದುವ ಮೊದಲು ಅವರು ಸ್ವತಃ ಯೋಚಿಸುತ್ತಿದ್ದರು ಎಂದು ಥಾಮ್ಸನ್ನರು ನೆನಪಿಸಿಕೊಂಡಿದ್ದಾರೆ.

ಈಗ ಬಾಯ್ಲರಿನ ಮಾತಿಗೆ ಬರೋಣ. ಉಗಿ ಎಂಜಿನ್ನನ್ನು ಕಂಡ ಪೀಳಿಗೆಯವರಿಗೆ ಅದರ ಹೊಟ್ಟೆಯ ರಚನೆ ಗೊತ್ತಿರುತ್ತದೆ. ಒಂದು ಕಡೆ ಕಲ್ಲಿದ್ದಲು ಉರಿಯುವ ಒಲೆ. ಅಲ್ಲಿಂದ ಹೊರಟ ಬಿಸಿಗಾಳಿ ನೂರಾರು ಸಣ್ಣ ಕೊಳವೆಗಳ ಮೂಲಕ ಹಾದು ಇನ್ನೊಂದು ತುದಿಯ ಚಿಮಣಿಯಿಂದ ಹೊರಹೋಗುತ್ತದೆ. ಕೊಳವೆಗಳ ಸುತ್ತ ನೀರು. ಬಿಸಿಗಾಳಿ ಕೊಳವೆಯೊಳಗೆ ಇರುವಷ್ಟು ಹೊತ್ತಿನಲ್ಲಿ ತನ್ನ ಶಾಖವನ್ನು ಗೋಡೆಗೆ ಒಪ್ಪಿಸಬೇಕು. ಒಪ್ಪಿಸದೆ ಉಳಿದದ್ದೆಲ್ಲ ಚಿಮಣಿಯ ಪಾಲು.

ಇಲ್ಲಿ ಒಂದು ಒಗಟಿದೆ. ರೈಲಿನ ವೇಗ ಹೆಚ್ಚಿಸಲು ಒಲೆಯನ್ನು ಜೋರಾಗಿ ಉರಿಸಿದರೆ ಗಾಳಿ ಎರಡು ಪಟ್ಟು ವೇಗದಲ್ಲಿ ಕೊಳವೆಯನ್ನು ದಾಟುತ್ತದೆ. ಗೋಡೆಯ ಪಕ್ಕದಲ್ಲಿ ಅದು ಇರುವ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗಾದರೆ ಅರ್ಧಕ್ಕರ್ಧ ಶಾಖ ಚಿಮಣಿಗೆ ಹೋಗಿ ಕಲ್ಲಿದ್ದಲು ದಂಡವಾಗಬೇಕಲ್ಲವೆ? ವಾಸ್ತವದಲ್ಲಿ ಹಾಗಾಗುತ್ತಿರಲಿಲ್ಲ. ರೈಲಿನ ಬಾಯ್ಲರುಗಳು ಎಷ್ಟು ಬಿರುಸಾಗಿ ಉರಿದರೂ ಆಶ್ಚರ್ಯಪಡುವಷ್ಟು ಮಿತವ್ಯಯದಲ್ಲೇ ಕೆಲಸ ಮಾಡುತ್ತಿದ್ದವು.

ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಮುಂದೆ 1874ರಲ್ಲಿ ರೆನಾಲ್ಡ್ಸರು ಮಂಡಿಸಿದ ಉತ್ತರ ಹೀಗಿತ್ತು. ಗಾಳಿಯಿಂದ ಗೋಡೆಗೆ ಶಾಖ ಎರಡು ದಾರಿಗಳಲ್ಲಿ ಹೋಗುತ್ತದೆ. ಒಂದು, ಗಾಳಿ ನಿಶ್ಚಲವಾಗಿದ್ದರೂ ಅದರ ಕಣಗಳ ಒಳಚಲನೆಯಿಂದ ನಿಧಾನವಾಗಿ ಹರಡುವುದು. ಇನ್ನೊಂದು, ಹರಿವಿನಿಂದ ಏಳುವ ಸುಳಿಗಳು ಮಧ್ಯದ ಬಿಸಿಗಾಳಿಯನ್ನು ಹೊತ್ತು ತಂದು ಗೋಡೆಗೆ ತಾಗಿಸಿ, ತಣಿದದ್ದನ್ನು ಎಳೆದೊಯ್ಯುವುದು. ಮೊದಲನೆಯದು ವೇಗವನ್ನು ಅವಲಂಬಿಸಿಲ್ಲ. ಎರಡನೆಯದು ವೇಗ ಹೆಚ್ಚಿದಂತೆ ಹೆಚ್ಚುತ್ತದೆ. ಗಾಳಿ ಎರಡು ಪಟ್ಟು ವೇಗದಲ್ಲಿ ಬಂದರೆ ಸುಳಿಗಳೂ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತವೆ. ಅರ್ಧ ಹೊತ್ತಿನಲ್ಲೇ ಮೊದಲಿನಷ್ಟೇ ಶಾಖ ಗೋಡೆಗೆ ಸೇರುತ್ತದೆ. ಆದ್ದರಿಂದ ಚಿಮಣಿಗೆ ಹೋಗುವ ಗಾಳಿಯ ಬಿಸಿ ಅಷ್ಟೇನೂ ಏರುವುದಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಗೋಡೆ ಹರಿವನ್ನು ತಡೆಯುವ ಬಲವೂ ಇದೇ ಎರಡು ದಾರಿಗಳಲ್ಲೇ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಿದರು. ಮಧ್ಯದಲ್ಲಿ ವೇಗವಾಗಿ ಹೋಗುತ್ತಿರುವ ಗಾಳಿಯ ತುಣುಕು ಗೋಡೆಯ ಬಳಿಗೆ ಬಂದರೆ ತನ್ನ ಓಟವನ್ನು ಅಲ್ಲಿ ಕಳೆದುಕೊಳ್ಳುತ್ತದೆ. ಬಿಸಿಯಾಗಿದ್ದರೆ ಬಿಸಿಯನ್ನೂ ಕಳೆದುಕೊಳ್ಳುತ್ತದೆ. ಹಮಾಲಿ ಒಬ್ಬನೇ, ಹೊರೆ ಎರಡು. ಒಂದು ಹೊರೆಯನ್ನು ಅಳೆದರೆ ಇನ್ನೊಂದನ್ನು ಲೆಕ್ಕ ಹಾಕಬಹುದು. ಕೊಳವೆಯ ಎರಡು ತುದಿಗಳ ಒತ್ತಡದ ವ್ಯತ್ಯಾಸವನ್ನು ನೋಡಿ, ಅದು ಎಷ್ಟು ಶಾಖವನ್ನು ದಾಟಿಸಬಲ್ಲದೆಂದು ಊಹಿಸಬಹುದು. ಎಂಜಿನಿಯರುಗಳು ಇದನ್ನು ಇಂದಿಗೂ ‘ರೆನಾಲ್ಡ್ಸ್ ಸಾದೃಶ್ಯ’ ಎಂದು ಕರೆಯುತ್ತಾರೆ.

ನಮ್ಮ ತಾಯಂದಿರು ಈ ವಿದ್ಯೆಯನ್ನು ಬಹಳ ಹಿಂದೆಯೇ ಬಲ್ಲರು. ಕಾಫಿ ಬೇಗ ಆರಬೇಕಾದರೆ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತಾರೆ. ಸುಮ್ಮನೆ ಬಿಟ್ಟ ನೀರು ಶಾಖವನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. ಕಾಲೇಜಿನಲ್ಲಿ ನಾವು ಮಾಡುತ್ತಿದ್ದ ಪ್ರಯೋಗ ನೆನಪಿರಬಹುದು: ಪ್ರನಾಳದ ತಳದಲ್ಲಿ ಮಂಜುಗಡ್ಡೆಯನ್ನು ಭಾರ ಕಟ್ಟಿ ಇಟ್ಟು, ಮೇಲ್ಭಾಗವನ್ನು ಕಾಯಿಸಿದರೆ ಮೇಲೆ ನೀರು ಕುದಿಯುತ್ತಿರುತ್ತದೆ, ಕೆಳಗೆ ಮಂಜುಗಡ್ಡೆ ಹಾಗೆಯೇ ಇರುತ್ತದೆ. ಆ ಸೋಮಾರಿತನವನ್ನು ಬಿಡಿಸುವುದು ಕದಡುವಿಕೆ.

ಇನ್ನೊಂದು ಪ್ರಶ್ನೆ ಉಳಿಯಿತು. ಸುಳಿಗಳು ಯಾವಾಗಲೂ ಇರುತ್ತವೆಯೆ? ಇಲ್ಲದಿದ್ದರೆ, ಯಾವ ಘಟ್ಟದಲ್ಲಿ ಹುಟ್ಟುತ್ತವೆ? ಸಣ್ಣ ಕೊಳವೆಗಳಲ್ಲಿ ನಿಧಾನವಾಗಿ ಹರಿಯುವ ನೀರಿನ ತಡೆ ವೇಗಕ್ಕೆ ಅನುಗುಣವಾಗಿರುತ್ತದೆ ಎಂದು ಫ್ರಾನ್ಸಿನ ವೈದ್ಯ ಪ್ವಾಸೊಯ್ 1840ರ ಸುಮಾರಿಗೆ ತೋರಿಸಿದ್ದರು. ಊರಿನ ದೊಡ್ಡ ನೀರಿನ ಕೊಳವೆಗಳನ್ನು ಅಳೆದ ಎಂಜಿನಿಯರುಗಳಿಗೆ ತಡೆ ವೇಗದ ವರ್ಗಕ್ಕೆ ಸಮೀಪವಾಗಿ ಕಂಡಿತ್ತು. ಎರಡೂ ಸರಿಯಾದ ಅಳತೆಗಳೇ. ಒಂದೇ ನೀರು, ಎರಡು ಕಾನೂನು! ಇದನ್ನು ಕಣ್ಣಾರೆ ನೋಡಿ ಇತ್ಯರ್ಥ ಮಾಡಬೇಕೆಂದು ರೆನಾಲ್ಡ್ಸರು ಹೊರಟರು.

ಅವರ ಸಲಕರಣೆ ಸರಳವಾದದ್ದು. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗಾಜಿನ ತೊಟ್ಟಿ. ಅದರೊಳಗೆ ಅಡ್ಡಲಾಗಿ ಒಂದು ಗಾಜಿನ ಕೊಳವೆ. ನೀರು ಅಲುಗದೆ ಒಳಗೆ ನುಗ್ಗಲೆಂದು ಅದರ ಬಾಯಿ ಕಹಳೆಯಂತೆ ಅಗಲ. ತೊಟ್ಟಿಯನ್ನು ತುಂಬಿ, ನೀರು ಪೂರ್ತಿ ಸ್ತಬ್ಧವಾಗಲೆಂದು ಗಂಟೆಗಟ್ಟಲೆ ಬಿಡುತ್ತಿದ್ದರು. ಆಮೇಲೆ ನಲ್ಲಿಯನ್ನು ಮೆಲ್ಲಗೆ ತಿರುಗಿಸಿ, ಕೊಳವೆಯ ಬಾಯಿಗೆ ಬಣ್ಣದ ನೀರಿನ ಒಂದು ಎಳೆಯನ್ನು ಬಿಡುತ್ತಿದ್ದರು.

ವೇಗ ಕಡಿಮೆಯಿದ್ದಾಗ ಬಣ್ಣದ ಎಳೆ ದಾರ ಎಳೆದಂತೆ ಕೊಳವೆಯ ಉದ್ದಕ್ಕೂ ನೆಟ್ಟಗೆ ಹೋಯಿತು. ವೇಗವನ್ನು ಹೆಚ್ಚಿಸುತ್ತ ಹೋದಾಗ ಒಂದು ಹಂತದಲ್ಲಿ, ಬಾಯಿಯಿಂದ ಸಾಕಷ್ಟು ದೂರದಲ್ಲಿ, ಎಳೆ ಥಟ್ಟನೆ ಒಡೆದು ಬಣ್ಣವೆಲ್ಲ ನೀರಿನಲ್ಲಿ ಬೆರೆತುಹೋಯಿತು. ವಿದ್ಯುತ್ ಕಿಡಿಯ ಕ್ಷಣದ ಬೆಳಕಿನಲ್ಲಿ ನೋಡಿದಾಗ ಆ ಬೆರೆತ ಬಣ್ಣ ಸ್ಪಷ್ಟವಾದ ಸುರುಳಿಗಳಾಗಿ ಕಂಡಿತು. ಕೆಲವೊಮ್ಮೆ ಕದಡಿಕೆ ಇಡೀ ಕೊಳವೆಯಲ್ಲಿ ಒಟ್ಟಿಗೆ ಬಾರದೆ, ಮಿಂಚು ಬಂದು ಹೋದಂತೆ ತುಣುಕು ತುಣುಕಾಗಿ ಬಂದು ಹೋಗುವುದನ್ನೂ ಅವರು ಗುರುತಿಸಿದರು. ಈ ಚಿಕ್ಕ ಸಂಗತಿಗೆ ಮುಂದೆ ಮತ್ತೆ ಬರುತ್ತೇವೆ.

ಬೇರೆ ಬೇರೆ ವ್ಯಾಸದ ಕೊಳವೆಗಳು, ತಣ್ಣೀರು, ಬೆಚ್ಚನೆಯ ನೀರು ಎಲ್ಲವನ್ನೂ ಪರೀಕ್ಷಿಸಿದರು. ಬೆಚ್ಚಗಾದಂತೆ ನೀರಿನ ಸ್ನಿಗ್ಧತೆ ಕಡಿಮೆಯಾಗುತ್ತದೆ. ಕದಡಿಕೆ ಕಡಿಮೆ ವೇಗದಲ್ಲೇ ಆರಂಭವಾಗುತ್ತದೆ. ಎಲ್ಲ ಅಳತೆಗಳೂ ಒಂದೇ ಲೆಕ್ಕಕ್ಕೆ ಹೊಂದಿಕೊಂಡವು: ವೇಗವನ್ನು ವ್ಯಾಸದಿಂದಲೂ ಸಾಂದ್ರತೆಯಿಂದಲೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಅದಕ್ಕೆ ಅಡಿ, ಮೀಟರು, ಸೇರು ಯಾವ ಮಾನದ ಹಂಗೂ ಇಲ್ಲ. ನೀರಿಗೂ ಗಾಳಿಗೂ ಎಣ್ಣೆಗೂ ಅದೊಂದೇ ಅಳತೆಗೋಲು. ಒರಟಾಗಿ ಕದಡಿದ ನೀರು ಕೊಳವೆಯಲ್ಲಿ ಮತ್ತೆ ಶಾಂತವಾಗಬೇಕಾದರೆ ಸಂಖ್ಯೆ ಸುಮಾರು 2000ಕ್ಕಿಂತ ಕೆಳಗಿರಬೇಕು. ಆದರೆ ಮೊದಲೇ ಶಾಂತವಾಗಿರುವ ನೀರನ್ನು ಜಾಗ್ರತೆಯಿಂದ ಹರಿಸಿದರೆ ಅದು 13,000ದ ಹತ್ತಿರದವರೆಗೂ ಶಾಂತವಾಗಿಯೇ ಉಳಿಯಿತು. ಇನ್ನೂ ಹೆಚ್ಚು ಜಾಗ್ರತೆ ವಹಿಸಿದ ಇಪ್ಪತ್ತನೆಯ ಶತಮಾನದ ಸಂಶೋಧಕರು ಒಂದು ಲಕ್ಷದವರೆಗೆ ಹೋಗಿದ್ದಾರೆ. ಸುಮಾರು ಒಂದು ಶತಮಾನದ ಬಳಿಕ ಮ್ಯಾಂಚೆಸ್ಟರಿನಲ್ಲಿ ರೆನಾಲ್ಡ್ಸರದೇ ಸಲಕರಣೆಯಿಂದ ಪ್ರಯೋಗವನ್ನು ಪುನಃ ಮಾಡಿದಾಗ ಅವರಷ್ಟು ಎತ್ತರಕ್ಕೆ ಹೋಗಲಾಗಲಿಲ್ಲ. ಕಾರಣ, ಬೀದಿಯ ಮೋಟಾರು ಸಂಚಾರದ ಅದುರುವಿಕೆ! ಕುದುರೆಗಾಡಿಗಳ ಕಾಲದ ನೆಮ್ಮದಿಯೂ ಆ ಪ್ರಯೋಗದ ಒಂದು ಸಲಕರಣೆಯಾಗಿತ್ತು.

ನಮ್ಮ ಮನೆಯ ನಲ್ಲಿಗೆ ಈ ಲೆಕ್ಕವನ್ನು ಹಚ್ಚಿ ನೋಡಿದರೆ ಸ್ವಾರಸ್ಯವಿದೆ. ಅರ್ಧ ಅಂಗುಲದ ಕೊಳವೆಯಲ್ಲಿ, ನಮ್ಮ ಹವೆಯ ನೀರಿಗೆ, 2000 ಎಂಬ ಗಡಿ ಬರುವುದು ವೇಗ ಸೆಕೆಂಡಿಗೆ ಸುಮಾರು 14 ಸೆಂಟಿಮೀಟರು ಆದಾಗ. ಆ ವೇಗದಲ್ಲಿ 15 ಲೀಟರಿನ ಒಂದು ಬಕೆಟ್ಟು ತುಂಬಲು ಸುಮಾರು 14 ನಿಮಿಷ ಬೇಕು. ಬೆಳಗಿನ ಹೊತ್ತು ನೀರು ಬಿಡುವ ಗಡಿಬಿಡಿಯಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ಅಂದರೆ ನಮ್ಮ ಮನೆಗಳಲ್ಲಿ, ನಗರಸಭೆಯ ಕೊಳವೆಗಳಲ್ಲಿ, ಕಾರ್ಖಾನೆಗಳಲ್ಲಿ ಹರಿಯುವ ನೀರೆಲ್ಲ ಹೆಚ್ಚುಕಡಿಮೆ ಕದಡಿದ ನೀರೇ. ಪುಸ್ತಕದಲ್ಲಿ ಮೊದಲು ಬರುವ ಶಾಂತ ಹರಿವು ಬಾಳಿನಲ್ಲಿ ಅಪರೂಪ.

ಹಾಗಾದರೆ ಇದರ ಜಮಾ-ಖರ್ಚು ಏನು? ಶಾಂತ ಹರಿವಿನಲ್ಲಿ ವೇಗ ಎರಡು ಪಟ್ಟಾದರೆ ತಡೆಯೂ ಎರಡು ಪಟ್ಟು. ಕದಡಿದ ಹರಿವಿನಲ್ಲಿ ತಡೆ ವೇಗದ 1.72ನೆಯ ಘಾತಕ್ಕೆ ಅನುಗುಣವೆಂದು ನುಣುಪಾದ ಸೀಸದ ಕೊಳವೆಗಳಲ್ಲಿ ರೆನಾಲ್ಡ್ಸರು ಕಂಡರು. ಅಂದರೆ ವೇಗ ಎರಡು ಪಟ್ಟಾದರೆ ತಡೆ ಮೂರೂಕಾಲು ಪಟ್ಟಿಗೂ ಮೇಲೆ. ನೀರಿನ ಮೊತ್ತವೂ ಎರಡು ಪಟ್ಟಾಗುವುದರಿಂದ ಪಂಪಿನ ಶಕ್ತಿಯ ಖರ್ಚು ಸುಮಾರು ಆರೂವರೆ ಪಟ್ಟು. ಇದು ಖರ್ಚಿನ ಕಡೆ. ಜಮಾ ಕಡೆಯಲ್ಲಿ, ಗೋಡೆಯಿಂದ ಶಾಖ ಸಾಗುವ ವೇಗ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚುತ್ತದೆ. ಬರಿಯ ನೀರು ಸಾಗಿಸುವ ಎಂಜಿನಿಯರಿಗೆ ಸುಳಿ ಪೂರ್ತಿ ನಷ್ಟ. ಸುಮಾರು ನೂರು ಕಿಲೋಮೀಟರು ದೂರದಿಂದ ಬೆಂಗಳೂರಿಗೆ ಏರಿಬರುವ ಕಾವೇರಿ ನೀರಿಗೆ, ಎತ್ತರಕ್ಕೆ ಎತ್ತುವ ಖರ್ಚಿನ ಮೇಲೆ ಈ ತಡೆಯ ಖರ್ಚೂ ಸೇರುತ್ತದೆ. ಆದರೆ ಮೋಟಾರಿನ ರೇಡಿಯೇಟರಿಗೆ, ವಿದ್ಯುತ್ ಸ್ಥಾವರದ ಕಂಡೆನ್ಸರಿಗೆ ಅದೇ ಸುಳಿ ಜೀವಾಳ. ಸುಳಿ ಇಲ್ಲದಿದ್ದರೆ ಆ ಯಂತ್ರಗಳನ್ನು ಇನ್ನೂ ಎಷ್ಟೋ ದೊಡ್ಡದಾಗಿ ಕಟ್ಟಬೇಕಾಗುತ್ತಿತ್ತು. ಖರ್ಚಿಲ್ಲದೆ ಜಮಾ ಬೇಕೆಂದರೆ ಪ್ರಕೃತಿ ಒಪ್ಪುವುದಿಲ್ಲ. ಎರಡೂ ಒಂದೇ ವೋಚರಿನ ಮೇಲೆ ಬರುತ್ತವೆ.

1883ರ ಪ್ರಬಂಧವನ್ನು ರಾಯಲ್ ಸೊಸೈಟಿ ಸಂತೋಷದಿಂದ ಸ್ವೀಕರಿಸಿತು. ಮುಂದಿನ ಮಹತ್ವದ ಪ್ರಬಂಧಕ್ಕೆ ಆ ಭಾಗ್ಯವಿರಲಿಲ್ಲ. ಕದಡಿದ ಹರಿವಿನ ಪ್ರತಿಯೊಂದು ತುಣುಕಿನ ಓಟವನ್ನು ಹಿಂಬಾಲಿಸುವುದು ಅಸಾಧ್ಯ. ಆದ್ದರಿಂದ ವೇಗವನ್ನು ಸರಾಸರಿ ಮತ್ತು ಏರಿಳಿತ ಎಂದು ಎರಡಾಗಿ ಒಡೆದು ಲೆಕ್ಕ ಮಾಡಬೇಕು ಎಂಬುದು 1895ರಲ್ಲಿ ಅಚ್ಚಾದ ಆ ಪ್ರಬಂಧದ ಸೂಚನೆ. ಹಾಗೆ ಮಾಡಿದಾಗ ಏರಿಳಿತಗಳೇ ಒಂದು ಹೊಸ ಎಳೆತದಂತೆ ಸರಾಸರಿ ಹರಿವಿನ ಮೇಲೆ ಕೆಲಸ ಮಾಡುತ್ತವೆ ಎಂದು ಸಮೀಕರಣ ತೋರಿಸುತ್ತದೆ. ಪರಿಶೀಲನೆಗೆ ನೇಮಕವಾದವರು ಸಾಮಾನ್ಯರಲ್ಲ: ಒಬ್ಬರು ಸ್ಟೋಕ್ಸ್, ಇನ್ನೊಬ್ಬರು ಮ್ಯಾಂಚೆಸ್ಟರಿನಲ್ಲೇ ಸಹೋದ್ಯೋಗಿಯಾಗಿದ್ದ ಹೊರೇಸ್ ಲ್ಯಾಂಬ್. ದ್ರವಚಲನೆಯ ಗಣಿತದಲ್ಲಿ ಇವರಿಬ್ಬರಿಗಿಂತ ದೊಡ್ಡವರು ಆಗ ವಿರಳ. ಆದರೂ ಇಬ್ಬರಿಗೂ ಪ್ರಬಂಧ ಸರಿಯಾಗಿ ಅರ್ಥವಾಗಲಿಲ್ಲ. ಬರಹ ಅಸ್ಪಷ್ಟವೆಂದು ದೂರಿದರು. ಲೇಖಕರ ಯೋಗ್ಯತೆಯನ್ನು ಮನ್ನಿಸಿ ಪ್ರಕಟಣೆಗೆ ಒಪ್ಪಿದರು. ಇಂದು ವಿಮಾನದ ರೆಕ್ಕೆಯಿಂದ ಹಿಡಿದು ಹವಾಮಾನದ ಮುನ್ಸೂಚನೆಯವರೆಗೆ ಕಂಪ್ಯೂಟರುಗಳು ಮಾಡುವ ಲೆಕ್ಕಗಳಲ್ಲಿ ಬಹುಪಾಲು ಆ ಒಡೆಯುವ ಉಪಾಯದ ಮೇಲೆ ನಿಂತಿವೆ. ಅಂದು ಆ ಕಡತಕ್ಕೆ ‘ಅರ್ಥವಾಗುತ್ತಿಲ್ಲ, ಹಿಂತಿರುಗಿಸಿ’ ಎಂಬ ಷರಾ ಬಿದ್ದಿದ್ದರೆ ಎಷ್ಟು ವರ್ಷ ಹಿಂದೆ ಬೀಳುತ್ತಿದ್ದೆವೋ!

ಶಾಖದ ಸಾದೃಶ್ಯವನ್ನು ಮುಂದಕ್ಕೆ ಒಯ್ದವರು ಬೇರೆಯವರು. ರೆನಾಲ್ಡ್ಸರ ಪ್ರಯೋಗಾಲಯದಲ್ಲಿ ತಯಾರಾದ ಥಾಮಸ್ ಸ್ಟಾಂಟನ್ 1897ರಲ್ಲಿ ಲೋಹದ ಕೊಳವೆ ಮತ್ತು ನೀರಿನ ನಡುವಿನ ಶಾಖದ ಸಾಗಣೆಯನ್ನು ಅಳೆದರು. ಗೋಡೆಗೆ ಅಂಟಿದ ತೆಳುವಾದ ಪದರದಲ್ಲಿ ಸುಳಿಗಳಿಗೆ ಪ್ರವೇಶವಿಲ್ಲವೆಂದೂ, ಗಾಳಿಗೆ ಚೆನ್ನಾಗಿ ಹೊಂದುವ ಸಾದೃಶ್ಯವನ್ನು ನೀರು, ಎಣ್ಣೆಗಳಿಗೆ ತಿದ್ದಬೇಕೆಂದೂ ಜರ್ಮನಿಯ ಪ್ರಾಂಟ್ಲ್ 1910ರಲ್ಲಿ, ಇಂಗ್ಲೆಂಡಿನ ಜಿ.ಐ. ಟೇಲರ್ 1916ರಲ್ಲಿ ತೋರಿಸಿದರು. ಸಂಖ್ಯೆಗೆ ರೆನಾಲ್ಡ್ಸರ ಹೆಸರಿಟ್ಟವರು ಜರ್ಮನಿಯ ಸೋಮರ್‌ಫೆಲ್ಡ್, 1908ರಲ್ಲಿ. ಆ ಹೊತ್ತಿಗೆ ರೆನಾಲ್ಡ್ಸರ ಆರೋಗ್ಯ ಕುಂದಿತ್ತು. 1912ರ ಫೆಬ್ರವರಿ 21ರಂದು ಸಾಮರ್‌ಸೆಟ್ ಪ್ರಾಂತದ ವಾಚೆಟ್ ಎಂಬ ಊರಿನಲ್ಲಿ ತೀರಿಕೊಂಡರು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಕದಡಿಕೆ ಮಿಂಚಿನಂತೆ ತುಣುಕು ತುಣುಕಾಗಿ ಬರುವುದನ್ನು ರೆನಾಲ್ಡ್ಸರು ಗುರುತಿಸಿದ್ದರೆಂದು ಮೇಲೆ ಹೇಳಿದೆನಷ್ಟೆ. ಚಪ್ಪಟೆ ಹಲಗೆಯ ಮೇಲೆ ಹರಿಯುವ ಗಾಳಿಯಲ್ಲಿ ಇಂಥ ತುಣುಕುಗಳು ಎಲ್ಲಿ ಹುಟ್ಟಿ ಹೇಗೆ ಹರಡುತ್ತವೆ ಎಂಬುದಕ್ಕೆ 1957ರಲ್ಲಿ ಒಂದು ಸರಳ ನಿಯಮವನ್ನು ಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಯುವಕ ರೊದ್ದಂ ನರಸಿಂಹ. ಅವರ ಗುರುಗಳು ಸತೀಶ್ ಧವನ್. ಗುರುಶಿಷ್ಯರ ಜಂಟಿ ಪ್ರಬಂಧ 1958ರಲ್ಲಿ ಹೊರಬಂದಿತು. ನರಸಿಂಹರ ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿದವರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲೊಬ್ಬರು. ಆ ನಿಯಮ ಇಂದು ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳಿಗೆ ಎಲ್ಲಿ ಎಷ್ಟು ಕಾವು ತಟ್ಟುತ್ತದೆಂದು ಲೆಕ್ಕ ಹಾಕಲು ಬಳಕೆಯಾಗುತ್ತದೆ. ಮುಂದೆ 1973ರಲ್ಲಿ ನರಸಿಂಹ ಮತ್ತು ಬೆಂಗಳೂರಿನಲ್ಲೇ ಓದಿದ ಅವರ ಶಿಷ್ಯ ಕೆ.ಆರ್. ಶ್ರೀನಿವಾಸನ್ ಇದಕ್ಕೆ ಎದುರಾದ ಸಂಗತಿಯನ್ನು ವಿವರಿಸಿದರು: ಕದಡಿದ ಹರಿವನ್ನು ಇದ್ದಕ್ಕಿದ್ದಂತೆ ಬಹಳ ವೇಗಕ್ಕೇರಿಸಿದರೆ ಅದು ಮತ್ತೆ ಶಾಂತವಾಗತೊಡಗುತ್ತದೆ. ರಾಕೆಟ್ಟಿನ ಕೊರಳಿನಲ್ಲಿ ಹಾಗಾದಾಗ ಗೋಡೆಗೆ ತಟ್ಟುವ ಶಾಖವೂ ಇಳಿಯುತ್ತದೆ. ಹಮಾಲಿ ಸುಮ್ಮನಾದರೆ ಹೊರೆ ಸಾಗುವುದಿಲ್ಲ ಎಂಬ 1874ರ ಮಾತೇ ಅಲ್ಲೂ ನಿಂತಿತು. ನರಸಿಂಹರು 2020ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು.

ಇಷ್ಟಾದರೂ ಕದಡಿದ ಹರಿವಿನ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಅದರ ಮೂಲ ಸಮೀಕರಣಗಳು 1845ರಷ್ಟು ಹಿಂದೆಯೇ ತಿಳಿದಿದ್ದವು. ಅವುಗಳ ಉತ್ತರ ಸದಾ ಸುಸಂಬದ್ಧವಾಗಿಯೇ ಇರುತ್ತದೆಯೆ ಎಂದು ಸಾಧಿಸಿದವರಿಗೆ, ಅಥವಾ ಇಲ್ಲವೆಂದು ತೋರಿಸಿದವರಿಗೆ, ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರು ಬಹುಮಾನ ಸಾರಿದೆ.

ನಮ್ಮ ಮಕ್ಕಳಲ್ಲಿ ಎಂಜಿನಿಯರಿಂಗ್ ಓದುವವರು ಬಹಳ ಮಂದಿ. ‘ಎರಡು ಸಾವಿರ’ ಎಂಬ ಉತ್ತರ ಅವರಿಗೆ ಬಾಯಿಪಾಠವಾಗಿರುತ್ತದೆ. ಮುಂದಿನ ಸಲ ಕಾಫಿ ಆರಿಸುವಾಗ ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಒಲೆಯನ್ನು ಜೋರಾಗಿ ಉರಿಸಿದರೂ ರೈಲಿನ ಬಾಯ್ಲರಿನ ಶಾಖ ಚಿಮಣಿಯಿಂದ ಏಕೆ ಪೋಲಾಗುತ್ತಿರಲಿಲ್ಲ? ಉತ್ತರ ಹೇಳಲು ಅವರು ತುಸು ತಡವರಿಸಿದರೂ ಚಿಂತೆಯಿಲ್ಲ. ಪುಸ್ತಕ ತೆರೆಯುವ ಮೊದಲು ತಾವೇ ಯೋಚಿಸಲಿ. ರೆನಾಲ್ಡ್ಸರ ಪದ್ಧತಿಯೂ ಅದೇ ಆಗಿತ್ತು.